ಮನಿ ಒಡೀತು ಅಂತೀರಿ, ಒಡೆದವರು ಯಾರು?

ಭಾಗ 1/11

ಮಾರ್ಕ 3ನೇ ಅಧ್ಯಾಯದಾಗ ಯೇಸು ಹೇಳಿದ ಒಂದು ಮಾತು ನಮ್ಮ ಕಡೆ ಬೈಬಲ್ ಓದದವರಿಗೂ ಗೊತ್ತು. ತನ್ನೊಳಗ ತಾನೇ ಒಡೆದುಕೊಂಡ ರಾಜ್ಯಕ್ಕಾಗಲಿ ಮನೆಗಾಗಲಿ ಉಳಿಗಾಲ ಇಲ್ಲ ಅನ್ನೋದು ಅದರ ಸಾರಾಂಶ. ಪಂಚಾಯ್ತಿ ಕಟ್ಟಿ ಮ್ಯಾಲೂ ಈ ಅರ್ಥದ ಮಾತು ಬರ್ತದ, ಸೊಸೈಟಿ ಇಲೆಕ್ಷನ್ ಭಾಷಣದಾಗೂ ಬರ್ತದ, ನಮ್ಮ ಸಭೆಗಳ ಕಮಿಟಿ ಮೀಟಿಂಗಿನಾಗಂತೂ ಬಂದೇ ಬರ್ತದ.

ಆದ್ರ ಯಾವಾಗ ಬರ್ತದ ಅಂತ ಗಮನಿಸೀರೇನು? ಯಾರೋ ಒಬ್ಬರು ಎದ್ದು ನಿಂತು ಪ್ರಶ್ನೆ ಕೇಳಿದಾಗ. "ಲೆಕ್ಕ ತೋರಿಸ್ರಿ" ಅಂದಾಗ. "ನಮ್ಮ ಓಣಿಗೆ ಯಾಕ ನೀರು ಬರಲಿಲ್ಲ" ಅಂದಾಗ. ಕೂಡಲೇ ಮುಂದ ಕುಂತ ಹಿರಿಯರು ಹೇಳ್ತಾರ: ಹಿಂಗ ಮಾತಾಡಿದ್ರ ಮನಿ ಒಡೀತದ, ಒಗ್ಗಟ್ಟು ಹಾಳಾಗ್ತದ, ಸುಮ್ನ ಕೂಡ್ರಿ.

ಈ ಸರಣಿಯಲ್ಲಿ ನನ್ನ ವಾದ ಇಷ್ಟೇ. ಬೈಬಲ್ ಪ್ರಕಾರ ಮನಿ ಒಡೆಯೋದು ದೂರು ಹೇಳಿದವರಿಂದ ಅಲ್ಲ, ಬಹಳ ಸಲ ದೂರು ಕೇಳದೇ ಇದ್ದವರಿಂದ. ಒಗ್ಗಟ್ಟಿಗೆ ಮೊದಲು ಬೆಲೆ ಕೊಡಬೇಕಾದವರು ಕೈಯಾಗ ಕೀಲಿ ಇದ್ದವರು, ಬಾಗಿಲ ಹೊರಗ ನಿಂತವರಲ್ಲ. ಇದನ್ನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆಯ ನಮ್ಮದೇ ಕಥೆಗಳ ಜೊತೆ ಇಟ್ಟು ನೋಡೋಣ. ನೀವು ಕ್ರೈಸ್ತರಲ್ಲದಿದ್ದರೂ ಓದ್ರಿ. ಒಡಕು ಯಾವ ಧರ್ಮದ ಸ್ವಂತ ಆಸ್ತಿನೂ ಅಲ್ಲ.

ಭಾಗ 2/11

ಮೊದಲು ಆ ಮಾತು ಎಲ್ಲಿ ಹುಟ್ಟಿತು ಅಂತ ನೋಡ್ರಿ. ನಾವು 24, 25ನೇ ವಚನ ಹೇಳ್ತೀವಿ, 22 ಬಿಡ್ತೀವಿ.

22ರಲ್ಲಿ ಏನೈತಿ? ಯೆರೂಸಲೇಮಿನಿಂದ ಶಾಸ್ತ್ರಿಗಳು ಬಂದಾರ. ಅಂದ್ರ ರಾಜಧಾನಿಯಿಂದ ಬಂದ ದೊಡ್ಡವರು. ಹಳ್ಳಿಗಾಡಿನ ಗಲಿಲಾಯದಾಗ ಒಬ್ಬ ಬಡಗಿ ಜನರಿಗೆ ದೆವ್ವದ ಕಾಟದಿಂದ ಬಿಡುಗಡೆ ಕೊಡಾಕತ್ಯಾನ. ಅದನ್ನ ನೋಡಿ ಅವರು, "ಇವನು ದೆವ್ವಗಳ ಒಡೆಯನ ಸಹಾಯದಿಂದಲೇ ದೆವ್ವ ಬಿಡಸ್ತಾನ" ಅಂತ ಆರೋಪ ಹೊರಸ್ತಾರ. ಅದಕ್ಕ ಯೇಸು ಅವರನ್ನ ಹತ್ತಿರ ಕರೆದು ತರ್ಕದಿಂದ ಉತ್ತರ ಕೊಡ್ತಾನ: ಸೈತಾನ ತನ್ನ ಕಡೆಯವರನ್ನ ತಾನೇ ಓಡಿಸ್ತಾ ಕುಂತ್ರ ಅವನ ರಾಜ್ಯ ಹೆಂಗ ಉಳೀತದ?

ನೋಡಿದ್ರೇನು? ಈ ಮಾತು ಅಧಿಕಾರದವರು ಸಾಮಾನ್ಯನ ಬಾಯಿ ಮುಚ್ಚಿಸಾಕ ಹೇಳಿದ್ದಲ್ಲ. ಅಧಿಕಾರದವರು ಹೊರಿಸಿದ ಸುಳ್ಳು ಆರೋಪಕ್ಕ ಸಾಮಾನ್ಯನೊಬ್ಬ ಕೊಟ್ಟ ಉತ್ತರ. ಅದನ್ನ ತಿರುವಿ, ಪ್ರಶ್ನೆ ಕೇಳಿದವನ ತಲಿ ಮ್ಯಾಲ ಕುಟ್ಟೋದು ವಚನಕ್ಕ ಮಾಡೋ ಅನ್ಯಾಯ.

ಇನ್ನೊಂದು ಮಾತು. ಯೇಸು ಅವರನ್ನ ಹತ್ತಿರ ಕರೆದ. ಬೈದು ಕಳಿಸಲಿಲ್ಲ, ಬಹಿಷ್ಕಾರ ಹಾಕಲಿಲ್ಲ. ಕೆಟ್ಟ ಆರೋಪ ಮಾಡಿದವರಿಗೂ ಕಾರಣ ಕೊಟ್ಟು ಮಾತಾಡಿದ. ಒಗ್ಗಟ್ಟಿನ ಬಗ್ಗೆ ಮಾತಾಡೋರು ಈ ಪದ್ಧತಿನೂ ಕಲೀಬೇಕಲ್ರಿ.

ಭಾಗ 3/11

ಬೈಬಲಿನಾಗ ಒಂದು ದೇಶ ನಿಜವಾಗಿ ಎರಡಾದ ಕಥಿ ಎಲ್ಲಿ ಬರ್ತದ? 1 ಅರಸುಗಳು 12.

ಸೊಲೊಮೋನ ತೀರಿಕೊಂಡ. ಮಗ ರೆಹಬ್ಬಾಮನಿಗೆ ಪಟ್ಟ ಕಟ್ಟಾಕ ಜನ ಎಲ್ಲಾ ಶೆಕೆಮಿನಾಗ ಕೂಡ್ಯಾರ. ಅವರ ಬೇಡಿಕೆ ಒಂದೇ: "ನಿಮ್ಮ ಅಪ್ಪ ಬಿಟ್ಟಿ ಕೆಲಸದ ನೊಗ ಭಾಳ ಭಾರ ಹೊರಿಸಿದ್ದ, ಸ್ವಲ್ಪ ಹಗುರ ಮಾಡು, ನಾವು ನಿನ್ನ ಜೊತೆನೇ ಇರ್ತೀವಿ." ಅವರು ಪ್ರತ್ಯೇಕ ರಾಜ್ಯ ಕೇಳಲಿಲ್ಲ ಅನ್ನೋದು ಲಕ್ಷ್ಯದಾಗಿರಲಿ. ಅವರು ಕೇಳಿದ್ದು ಬರೇ ಒಂದು ರಿಯಾಯ್ತಿ.

ರೆಹಬ್ಬಾಮ ಮೂರು ದಿನ ಟೈಮ್ ತಗೊಂಡ. ಅಪ್ಪನ ಕಾಲದ ಹಿರಿಯರು, "ಇವತ್ತು ಇವರಿಗೆ ಸೇವಕನಾಗು, ಒಳ್ಳೆ ಮಾತಾಡು, ಅವರು ಸದಾ ನಿನ್ನವರಾಗಿರ್ತಾರ" ಅಂದರು. ಜೊತೆಗೆ ಬೆಳೆದ ಗೆಳೆಯರು, "ಅಪ್ಪನಕಿಂತ ಬಿಗಿ ಮಾಡು" ಅಂದರು. ಅವನು ಗೆಳೆಯರ ಮಾತು ಕೇಳಿದ. ಹತ್ತು ಕುಲ ಎದ್ದು ಹೋದವು. ಬಿಟ್ಟಿ ಕೆಲಸದ ಮೇಲ್ವಿಚಾರಕನನ್ನ ಕಳಿಸಿದ್ರ ಜನ ಅವನನ್ನ ಕಲ್ಲಿನಿಂದ ಹೊಡೆದು ಕೊಂದರು.

ಆಮ್ಯಾಲ ರೆಹಬ್ಬಾಮ 1,80,000 ಸೈನಿಕರನ್ನ ಕೂಡಿಸಿ, ಹೊಡೆದು ಒಗ್ಗಟ್ಟು ತರ್ತೀನಿ ಅಂತ ಹೊಂಟ. ಆಗ ಶೆಮಾಯ ಅನ್ನೋ ಪ್ರವಾದಿ ಬಂದು ತಡೀತಾನ: ಅವರು ನಿಮ್ಮ ಅಣ್ಣ ತಮ್ಮಂದಿರು, ಯುದ್ಧ ಮಾಡಬ್ಯಾಡ್ರಿ, ಮನಿಗೆ ಹೋಗ್ರಿ. ಬಲವಂತದ ಒಗ್ಗಟ್ಟನ್ನ ದೇವರೇ ಬ್ಯಾಡ ಅಂದ ಜಾಗ ಇದು.

ಬಿಟ್ಟು ಹೋದವರೂ ಸಾಚಾ ಅಲ್ಲ. ಆ ಕಡೆ ರಾಜನಾದ ಯಾರೊಬ್ಬಾಮ, ಜನ ಪೂಜೆಗೆ ಯೆರೂಸಲೇಮಿಗೆ ಹೋದ್ರ ಮನಸ್ಸು ಅಲ್ಲೇ ತಿರುಗೀತು ಅಂತ ಹೆದರಿ, ಬೇತೇಲಿನಾಗೊಂದು ದಾನಿನಾಗೊಂದು ಬಂಗಾರದ ಕರು ನಿಲ್ಲಿಸಿದ. ನ್ಯಾಯಕ್ಕಾಗಿ ಶುರುವಾದ ಒಡಕು ಕುರ್ಚಿ ಉಳಿಸಿಕೊಳ್ಳೋ ಒಡಕಾಯ್ತು. ಉತ್ತರದ ರಾಜ್ಯ ಕ್ರಿ.ಪೂ. 722ರಲ್ಲಿ ಅಶ್ಶೂರರ ಕೈಗೆ ಹೋತು. ದಕ್ಷಿಣದ್ದು 586ರಲ್ಲಿ ಬಾಬೆಲಿನವರ ಕೈಗೆ. ಒಬ್ಬರೂ ಉಳೀಲಿಲ್ಲ.

ಭಾಗ 4/11
(ಫೋಟೋ: ಕಿತ್ತೂರು ಕೋಟೆಯ ಬಿದ್ದ ಗ್ವಾಡಿ)

ಈಗ ನಮ್ಮ ಕಿತ್ತೂರಿಗೆ ಬರ್ರಿ. ಪ್ರತಿ ವರ್ಷ ಅಕ್ಟೋಬರ್ 23ಕ್ಕ ಉತ್ಸವ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ, ಶಿವಲಿಂಗರುದ್ರ ದೇಸಾಯಿಯ ದತ್ತಕವನ್ನ ಒಪ್ಪದೇ ಕೋಟೆ ಮುಂದ ಬಂದು ಜೀವ ಕಳಕೊಂಡ. ಡಿಸೆಂಬರ್ ಮೊದಲ ವಾರ ಇಂಗ್ಲಿಷರು ದೊಡ್ಡ ಸೈನ್ಯ ತಂದು ಕೋಟೆ ಹಿಡಿದರು. ರಾಣಿ ಚೆನ್ನಮ್ಮನನ್ನ ಬೈಲಹೊಂಗಲದಾಗ ಸೆರೆಯಲ್ಲಿಟ್ಟರು, 1829ರಲ್ಲಿ ಅಲ್ಲೇ ತೀರಿಕೊಂಡಳು. ಅವಳ ಸಮಾಧಿ ನಮ್ಮ ಊರಾಗೇ ಐತಿ.

ಸೋತದ್ದು ಯಾಕ ಅಂತ ಯಾರನ್ನಾದ್ರೂ ಕೇಳ್ರಿ. ಮಲ್ಲಪ್ಪಶೆಟ್ಟಿ, ವೆಂಕಟರಾವ್ ಅನ್ನೋ ಎರಡು ಹೆಸರು ಬರ್ತಾವ. ಮದ್ದಿನಾಗ ಸಗಣಿ ಕಲಸಿದ್ರು ಅಂತ ಲಾವಣಿ, ನಾಟಕ, ಸಿನಿಮಾ ಎಲ್ಲಾ ಹೇಳ್ತಾವ. ಒಳಗಿನ ದ್ರೋಹ ಕಥಿಗೆ ಒಪ್ಪುವ ಕಾರಣ. ಇಬ್ಬರನ್ನ ಬೈದ್ರ ಮುಗೀತು, ಉಳಿದವರೆಲ್ಲಾ ಶುದ್ಧ.

ಆದ್ರ ಆರು ವರ್ಷ ಹಿಂದ ಹೋಗ್ರಿ. 1818ರಲ್ಲಿ ಮನ್ರೋ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಇಂಗ್ಲಿಷರಿಗೆ ನೆರವಾದದ್ದು ಕಿತ್ತೂರ ಸಂಸ್ಥಾನನೇ. ಕಾರಣ ಇತ್ತು. ಮಲ್ಲಸರ್ಜ ದೇಸಾಯಿಯನ್ನ ಪೇಶ್ವೆಯವರು ಸೆರೆಯಲ್ಲಿಟ್ಟಿದ್ದರು, ಆ ಗಾಯ ಹಸಿ ಇತ್ತು. ಹತ್ತಿರದವರ ಮ್ಯಾಲಿನ ಸಿಟ್ಟಿಗೆ ದೂರದವರ ಕೈ ಹಿಡಿದರು. ಆರೇ ವರ್ಷಕ್ಕ ಆ ಕೈ ಇವರ ಖಜಾನೆಗೆ ಬೀಗ ಹಾಕಾಕ ಬಂತು.

ಇದೇ ತರಹದ ಕಥಿ 2 ಅರಸುಗಳು 16ರಾಗ ಐತಿ. ಯೆಹೂದದ ಅರಸ ಆಹಾಜ, ಅಣ್ಣತಮ್ಮಂದಿರ ರಾಜ್ಯ ಇಸ್ರಾಯೇಲಿನ ಕಾಟ ತಡೀಲಾರದೇ, ದೇವಾಲಯದ ಬೆಳ್ಳಿ ಬಂಗಾರ ತೆಗೆದು ಅಶ್ಶೂರದ ರಾಜನಿಗೆ ಕಳಿಸಿ "ನನ್ನನ್ನ ಕಾಪಾಡು" ಅಂದ. ಅಶ್ಶೂರ ಬಂತು, ಇಸ್ರಾಯೇಲನ್ನ ಮುರೀತು. ಮುಂದ ಆಹಾಜನ ಮಗನ ಕಾಲಕ್ಕ ಅದೇ ಅಶ್ಶೂರ ಯೆಹೂದದ ಬಾಗಿಲಿಗೂ ಬಂತು.

ಯಾರು ತಪ್ಪು ಅಂತ ತೀರ್ಪು ಕೊಡೋದು ನನ್ನ ಉದ್ದೇಶ ಅಲ್ಲ. ಒಡಕಿಗೆ ಯಾವಾಗಲೂ ಒಂದು ಹಿಂದಿನ ಕಂತು ಇರ್ತದ. ಕೊನೆಯ ಕಂತಿನ ದ್ರೋಹಿಯನ್ನಷ್ಟೇ ನೆನಪಿಟ್ಟುಕೊಂಡ್ರ ನಾವೇನೂ ಕಲೀಲಿಲ್ಲ ಅಂತರ್ಥ.

ಭಾಗ 5/11

ರಾಮದುರ್ಗದವರೇ, ನಿಮ್ಮ ಕಡೆಗೂ ಒಂದು ಕಥಿ ಐತಿ. ನರಗುಂದ ಮತ್ತು ರಾಮದುರ್ಗ, ಎರಡೂ ಭಾವೆ ಮನೆತನದ ಸಂಸ್ಥಾನಗಳು. 1858ರಲ್ಲಿ ನರಗುಂದದ ಬಾಬಾಸಾಹೇಬ ಇಂಗ್ಲಿಷರ ವಿರುದ್ಧ ಎದ್ದ. ಅವನಿಗೂ ದತ್ತಕದ ಅನುಮತಿ ಸಿಕ್ಕಿರಲಿಲ್ಲ. ಮೇ 29ರ ರಾತ್ರಿ ಸುರೇಬಾನದಾಗ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದ. ಜೂನ್ 12ಕ್ಕ ಬಾಬಾಸಾಹೇಬನನ್ನ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ಮಲಸಹೋದರ, ರಾಮದುರ್ಗದ ಸಂಸ್ಥಾನಿಕ, ಇಂಗ್ಲಿಷರ ಕಡೆನೇ ಉಳಿದ. ನರಗುಂದ ಜಪ್ತಿಯಾಯ್ತು. ರಾಮದುರ್ಗ 1948ರವರೆಗೆ ನಡೀತು.

ಇಲ್ಲಿ ಒಡೆದ ಮನಿಯ ಒಂದು ಅರ್ಧ ಬಿದ್ದಿತು, ಇನ್ನೊಂದು ಅರ್ಧ ತೊಂಬತ್ತು ವರ್ಷ ನಿಂತಿತು. "ಒಡೆದ ಮನಿ ನಿಲ್ಲಂಗಿಲ್ಲ" ಅನ್ನೋದನ್ನ ಬರೇ ಉಳಿವಿನ ಲೆಕ್ಕದಾಗ ಓದಿದ್ರ ಇದು ಹೊಂದಂಗಿಲ್ಲ. ನಿಲ್ಲೋದು ಒಂದೇ ಮುಖ್ಯ ಅಲ್ಲ. ಯಾವುದರ ಮ್ಯಾಲ ನಿಂತದ ಅನ್ನೋದೂ ಮುಖ್ಯ.

ಅದೇ 1858ರ ಜೂನ್ ತಿಂಗಳಿನಾಗ, 16ನೇ ತಾರೀಖಿಗೆ, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಾಗ ಅಬ್ರಹಾಂ ಲಿಂಕನ್ ಒಂದು ಭಾಷಣ ಮಾಡಿದ. ಅವನೂ ಇದೇ ಒಡೆದ ಮನಿಯ ವಚನ ಹಿಡಿದ. ಅರ್ಧ ದೇಶ ಗುಲಾಮಗಿರಿ, ಅರ್ಧ ದೇಶ ಸ್ವಾತಂತ್ರ್ಯ, ಹಿಂಗ ಕಾಯಂ ನಡೆಯಾಕ ಸಾಧ್ಯ ಇಲ್ಲ ಅನ್ನೋದು ಅವನ ವಾದ. ಲಕ್ಷ್ಯ ಕೊಡ್ರಿ, ಅವನು ವಚನ ಬಳಸಿದ್ದು ಗುಲಾಮರಿಗೆ "ಸುಮ್ನಿರ್ರಿ, ದೇಶ ಒಡೀತದ" ಅನ್ನಾಕ ಅಲ್ಲ. ದೇಶದೊಳಗಿನ ಅನ್ಯಾಯನೇ ಬಿರುಕು ಅಂತ ತೋರಿಸಾಕ. ಮಾರ್ಕ 3ನ್ನ ಬಳಸೋ ಪದ್ಧತಿ ಅದು.

ಭಾಗ 6/11

ಬೆಳಗಾವಿ ಜಿಲ್ಲೆಯಾಗ ಇದ್ದು ಭಾಷೆಯ ಒಡಕಿನ ಬಗ್ಗೆ ಬರೀದಿದ್ರ ಹೆಂಗ?

ನ್ಯಾಯಸ್ಥಾಪಕರು 12 ಓದ್ರಿ. ಗಿಲ್ಯಾದಿನವರಿಗೂ ಎಫ್ರಾಯೀಮ್ಯರಿಗೂ ಜಗಳ. ಇಬ್ಬರೂ ಇಸ್ರಾಯೇಲ್ಯರೇ. ಗಿಲ್ಯಾದಿನವರು ಯೊರ್ದನ್ ಹೊಳೆ ದಾಟೋ ಜಾಗದಾಗ ಕಾದು ನಿಂತು, ಬಂದವರಿಗೆ "ಷಿಬ್ಬೋಲೆತ್" ಅನ್ನು ಅಂತಿದ್ದರು. ಎಫ್ರಾಯೀಮ್ಯರ ನಾಲಿಗೆಗೆ "ಷ" ಬರತಿರಲಿಲ್ಲ, "ಸಿಬ್ಬೋಲೆತ್" ಅಂತಿದ್ದರು. ಅಷ್ಟಕ್ಕೇ ಕತ್ತರಿಸಿದರು. ಸತ್ತವರು 42,000 ಅಂತ ಬರೆದೈತಿ. ಒಂದು ಅಕ್ಷರದ ಉಚ್ಚಾರಕ್ಕ!

ಈಗ ಅಪೊಸ್ತಲರ ಕೃತ್ಯಗಳು 6 ಓದ್ರಿ. ಮೊದಲ ಸಭೆಯಲ್ಲೇ ಭಾಷೆಯ ಜಗಳ. ಗ್ರೀಕ್ ಮಾತಾಡೋ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಪಾಲು ಸರಿಯಾಗಿ ಸಿಗ್ತಿಲ್ಲ ಅಂತ ದೂರು ಬಂತು. ಅಪೊಸ್ತಲರು "ಒಗ್ಗಟ್ಟು ಹಾಳು ಮಾಡಬ್ಯಾಡ್ರಿ" ಅನ್ನಲಿಲ್ಲ. ಎಲ್ಲರನ್ನೂ ಕರೆದರು, ನೀವೇ ಏಳು ಜನರನ್ನ ಆರಿಸ್ರಿ ಅಂದರು. ಆರಿಸಿದ ಹೆಸರು ನೋಡ್ರಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳಕ್ಕ ಏಳೂ ಗ್ರೀಕ್ ಹೆಸರು! ದೂರು ಕೊಟ್ಟ ಕಡೆಯವರ ಕೈಗೇ ಹಂಚಿಕೆ ಕೊಟ್ಟರು ಅಂತ ನನಗ ಕಾಣ್ತದ. ಅದಾದ ಮ್ಯಾಲ ಸಭೆ ಒಡೀಲಿಲ್ಲ, ಬೆಳೀತು ಅಂತ ಮುಂದಿನ ವಚನ ಹೇಳ್ತದ.

ನಮ್ಮ ಗಡಿ ತಂಟೆಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋತು. ಬೆಳಗಾವಿ ಕರ್ನಾಟಕದ್ದೇ ಅನ್ನೋದರಾಗ ನನಗ ಎರಡು ಮಾತಿಲ್ಲ. ಆದ್ರ ಗಡಿ ಗಟ್ಟಿ ಆಗೋದು ಬಸ್ಸಿಗೆ ಕಲ್ಲು ಹೊಡೆಯೋದರಿಂದ ಅಲ್ಲ. ಮರಾಠಿ ಮಾತಾಡೋ ಒಬ್ಬ ಅಜ್ಜಿಗೆ ನಮ್ಮ ಆಫೀಸಿನಾಗ ಪೆನ್ಶನ್ ಕೆಲಸ ಸಲೀಸಾಗಿ ಆದ್ರ, ಆ ಕಡೆ ಜತ್ತ, ಅಕ್ಕಲಕೋಟದ ಕನ್ನಡ ಸಾಲಿ ಹುಡುಗರಿಗೂ ಅದೇ ಮರ್ಯಾದಿ ಸಿಕ್ಕರ, ಜಗಳಕ್ಕ ಉರುವಲೇ ಉಳಿಯಂಗಿಲ್ಲ. ಷಿಬ್ಬೋಲೆತ್ ದಾರಿ ಒಂದು, ಏಳು ಜನರ ದಾರಿ ಒಂದು. ಆರಿಸೋರು ನಾವು.

ಭಾಗ 7/11
(ಫೋಟೋ: ನವಿಲುತೀರ್ಥ, ಸವದತ್ತಿ)

"ಹಂಗಾದ್ರ ಬ್ಯಾರೆ ಆಗೋದೆಲ್ಲಾ ಪಾಪ ಏನು?" ಅಂತ ಕೇಳ್ತೀರಿ. ಅಲ್ಲ.

ಕನ್ನಡದಾಗ "ಪಾಲು" ಬ್ಯಾರೆ, "ಒಡಕು" ಬ್ಯಾರೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡ್ಕೊಂಡು, ಹಬ್ಬಕ್ಕ ಒಂದೇ ಮನ್ಯಾಗ ಹೋಳಿಗಿ ಉಂಡ್ರ ಅದು ಪಾಲು. ಪಾಲೇ ಮಾಡದೇ, ಒಂದೇ ಮನ್ಯಾಗಿದ್ದು, ಮಾತು ಬಿಟ್ಟು ಬದುಕಿದ್ರ ಅದು ಒಡಕು.

ಆದಿಕಾಂಡ 13ರಾಗ ಅಬ್ರಹಾಮ ಮತ್ತು ಲೋಟನ ದನ ಕಾಯೋರು ಮೇವಿಗಾಗಿ ಜಗಳಾಡ್ತಾರ. ಅಬ್ರಹಾಮ ದೊಡ್ಡಪ್ಪ, ಲೋಟ ತಮ್ಮನ ಮಗ. ಅಬ್ರಹಾಮ ಏನಂದ? ಜಗಳ ಬ್ಯಾಡ, ಬ್ಯಾರೆ ಆಗೋಣ, ನೀನೇ ಮೊದಲು ಆರಿಸು. ಹಿರಿಯನಾದವನು ಆಯ್ಕೆಯ ಹಕ್ಕನ್ನ ಕಿರಿಯನಿಗೆ ಬಿಟ್ಟ. ಲೋಟ ನೀರಾವರಿ ಭೂಮಿ ಆರಿಸಿದ. ಮುಂದಿನ ಅಧ್ಯಾಯದಾಗ ಲೋಟನನ್ನ ಶತ್ರುಗಳು ಹಿಡಕೊಂಡು ಹೋದಾಗ, ಅಬ್ರಹಾಮ 318 ಜನರನ್ನ ಕಟ್ಟಿಕೊಂಡು ಬಿಡಿಸಾಕ ಓಡಿದ. ಬ್ಯಾರೆ ಆದ್ರೂ ಬಿಟ್ಟುಕೊಡಲಿಲ್ಲ.

ನಮ್ಮ ಬೆಳಗಾವಿ ಜಿಲ್ಲೆ ವಿಭಜನೆ ಮಾತೂ ಹಿಂಗೇ ನೋಡಬೇಕು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಬಾಗಲಕೋಟೆ, ಗದಗ, ಹಾವೇರಿ ಸೇರಿ ಏಳು ಹೊಸ ಜಿಲ್ಲೆ ಮಾಡಿದಾಗ ಬೆಳಗಾವಿ ಅಖಂಡ ಉಳೀತು. ರಾಮದುರ್ಗದ ಒಬ್ಬ ರೈತ ಡಿ.ಸಿ. ಆಫೀಸಿಗೆ ಹೋಗಬೇಕಂದ್ರ ಸುಮಾರು ನೂರು ಕಿಲೋಮೀಟರ್. ಬೈಲಹೊಂಗಲ ಜಿಲ್ಲೆ ಆಗಲಿ ಅನ್ನೋದನ್ನ "ಒಡೆಯೋ ಮಾತು" ಅಂತ ಬೈಯಬ್ಯಾಡ್ರಿ. ಮೋಶೆಗೂ ಅವನ ಮಾವ ಇದನ್ನೇ ಹೇಳಿದ್ದ: ಒಬ್ಬನೇ ಕುಂತು ಎಲ್ಲರ ನ್ಯಾಯ ಮಾಡಬ್ಯಾಡ, ಸಾವಿರಕ್ಕ, ನೂರಕ್ಕ, ಐವತ್ತಕ್ಕ, ಹತ್ತಕ್ಕ ಮುಖ್ಯಸ್ಥರನ್ನ ಇಡು. ಜನರಿಗೆ ಹತ್ತಿರ ಆಗಾಕ ಮಾಡೋ ಭಾಗ ಒಡಕಲ್ಲ. ಆದ್ರ ಅದೇ ಬೇಡಿಕೆ ಹಿಡಿದು ಗೋಕಾಕದವರನ್ನ, ಚಿಕ್ಕೋಡಿಯವರನ್ನ ವೈರಿ ಅಂದ್ರ, ಅಲ್ಲಿಂದ ಒಡಕು ಶುರು.

ಕಣಕುಂಬಿಯಾಗ ಹುಟ್ಟಿದ ಮಲಪ್ರಭಾ ನಮ್ಮ ಈ ಸೀಮೆಗಳನ್ನೆಲ್ಲಾ ಹಾದು ನವಿಲುತೀರ್ಥದ ಡ್ಯಾಮಿಗೆ ಬಂದು, ಮುಂದ ರಾಮದುರ್ಗ ದಾಟಿ ಕೂಡಲಸಂಗಮಕ್ಕ ಹೋಗ್ತಾಳ. ತಾಲೂಕಿನ ಗೆರೆ ಅವಳಿಗೆ ಗೊತ್ತಿಲ್ಲ.

ಭಾಗ 8/11

ಈಗ ನಮ್ಮ ಸಭೆಗಳ ಮಾತು. ಕ್ರೈಸ್ತ ಓದುಗರೇ, ಸಿಟ್ಟಾಗಬ್ಯಾಡ್ರಿ.

ಬೆಳಗಾವಿ ಕಡೆ ನಾವು ಬಹಳ ಮಂದಿ ಮೆಥಡಿಸ್ಟರು. ಕಿತ್ತೂರು ದಾಟಿ ಧಾರವಾಡಕ್ಕ ಹೋದ್ರ ಸಿ.ಎಸ್.ಐ. ಯಾಕ ಅಂತ ಯಾವತ್ತಾದ್ರೂ ಯೋಚನೆ ಮಾಡೀರೇನು? ನಮ್ಮ ಮುತ್ತಜ್ಜರು ಕುಂತು ಸಿದ್ಧಾಂತ ಚರ್ಚೆ ಮಾಡಿ ಆರಿಸಿದ್ದಲ್ಲ. 1820ರಲ್ಲಿ ಲಂಡನ್ ಮಿಷನ್ ಬೆಳಗಾವಿಗೆ ಬಂತು. 1837ರಲ್ಲಿ ಬಾಸೆಲ್ ಮಿಷನ್ ಧಾರವಾಡಕ್ಕ ಬಂತು. 1904ರಲ್ಲಿ ಲಂಡನ್ ಮಿಷನ್ ತನ್ನ ಬೆಳಗಾವಿ ಕೆಲಸವನ್ನ ಅಮೆರಿಕನ್ ಮೆಥಡಿಸ್ಟರಿಗೆ ಒಪ್ಪಿಸಿತು. ಅಂದ್ರ ನಮ್ಮ "ಗುರುತು" ಸಮುದ್ರದಾಚೆ ಆದ ಹಂಚಿಕೆಯ ಫಲ.

ಇದನ್ನ ಸರಿಪಡಿಸಾಕ ಹಿರಿಯರು ಪ್ರಯತ್ನ ಮಾಡಿದ್ದರು. 1919ರಲ್ಲಿ ತರಂಗಂಬಾಡಿಯಲ್ಲಿ ಮಾತು ಶುರು. ಬಿಷಪ್ ವಿ.ಎಸ್. ಅಜರಯ್ಯ ಅದರ ಮುಂದಾಳು. ಇಪ್ಪತ್ತೆಂಟು ವರ್ಷ ಮಾತುಕತೆ ಆಗಿ, 1947ರ ಸೆಪ್ಟೆಂಬರ್ 27ಕ್ಕ ಮದ್ರಾಸಿನಾಗ ದಕ್ಷಿಣ ಭಾರತ ಸಭೆ ಹುಟ್ಟಿತು. ಅಜರಯ್ಯನವರು ಅದನ್ನ ನೋಡಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು. ದೇಶ ಎರಡಾದ ತಿಂಗಳ ಮರುತಿಂಗಳೇ ಬ್ಯಾರೆ ಬ್ಯಾರೆ ಸಭೆಗಳು ಒಂದಾದವು ಅನ್ನೋದು ಸಣ್ಣ ಮಾತಲ್ಲ. 1970ರಲ್ಲಿ ಉತ್ತರ ಭಾರತ ಸಭೆ ಆದಾಗ ನಮ್ಮ ಮೆಥಡಿಸ್ಟರು ಕೊನೆ ಗಳಿಗೆಗೆ ಹಿಂದ ಸರಿದರು.

ಮತ್ತ ಒಂದಾಗಲೇಬೇಕು ಅಂತ ನಾನು ಹೇಳಂಗಿಲ್ಲ. ಒಂದು ಬೋರ್ಡಿನ ಕೆಳಗ ಬಂದ್ರೂ ಕೋರ್ಟ್ ಕೇಸ್ ನಿಲ್ಲಂಗಿಲ್ಲ ಅಂತ ಎಲ್ಲರಿಗೂ ಗೊತ್ತು. ಆದ್ರ ಮದುವಿ ಸಂಬಂಧ ನೋಡೋವಾಗ "ಅವರು ಆ ಮಿಷನ್ನಿನವರು" ಅಂತ ಮುಖ ತಿರುವೋದು ಯಾವ ಸುವಾರ್ತೆ? ಕೊರಿಂಥದವರು ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ ಅಂತ ಗುಂಪು ಕಟ್ಟಿದಾಗ, ಪೌಲ ತನ್ನದೇ ಅಭಿಮಾನಿಗಳಿಗೂ ಬೈದ. ತನ್ನ ಹೆಸರಿನ ಗುಂಪನ್ನೂ ಬ್ಯಾಡ ಅನ್ನೋ ನಾಯಕ ಇವತ್ತು ಎಷ್ಟು ಮಂದಿ ಅದಾರ?

ಭಾಗ 9/11

ಹತ್ತಿರದ ಒಂದು ಊರಿನ ಮಾತು. ಹೆಸರು ಬ್ಯಾಡ, ಯಾಕಂದ್ರ ಇದು ಒಂದೇ ಊರಿನ ಕಥಿ ಅಲ್ಲ.

ಸಣ್ಣ ಸಭೆ. ಸುಗ್ಗಿ ಹಬ್ಬದಾಗ ಜೋಳದ ಚೀಲ, ಕೋಳಿ, ತೆಂಗಿನಕಾಯಿ, ಕುಂಬಳಕಾಯಿ ಕಾಣಿಕೆ ಬರ್ತಾವ, ಆರಾಧನೆ ಆದ ಮ್ಯಾಲ ಲಿಲಾವು ಆಗ್ತದ. ಹತ್ತು ರೂಪಾಯಿ ಕುಂಬಳಕಾಯಿಗೆ ಐನೂರು ಕೂಗೋರು ಅದಾರ, ಸಂತೋಷಕ್ಕ. ಎರಡು ವರ್ಷ ಆ ರೊಕ್ಕದ ಲೆಕ್ಕ ಓದಲಿಲ್ಲ. ಯುವಕ ಸಂಘದ ನಾಲ್ಕು ಹುಡುಗರು ಎದ್ದು ಕೇಳಿದರು. ಮರು ಭಾನುವಾರದ ಪ್ರಸಂಗ ಯಾವುದು ಗೊತ್ತೇನು? ಮಾರ್ಕ 3. ಆ ಹುಡುಗರ ಕಡೆ ನೋಡಿಕೋತನೇ ಪ್ರಸಂಗ ನಡೀತು.

ಈಗ ಆ ಊರಾಗ ಎರಡು ಆರಾಧನೆ. ಒಂದು ಹಳೇ ಗುಡಿಯಾಗ, ಇನ್ನೊಂದು ಬಾಡಿಗಿ ಗೋಡೌನಿನಾಗ. ಡಿಸೆಂಬರಿನಾಗ ಎರಡು ಕ್ರಿಸ್ಮಸ್ ನಕ್ಷತ್ರ, ಎರಡು ಕ್ಯಾರಲ್ ತಂಡ, ಒಂದೇ ಓಣಿಯಾಗ. ಗೋಡೌನಿನವರು ಈಗ ತಮ್ಮದೇ ಲೆಕ್ಕ ಓದ್ತಾರೇನು? ಅದೂ ಇಲ್ಲ. ಯಾರೊಬ್ಬಾಮನ ಕಥಿ ಮತ್ತೊಮ್ಮೆ.

ಒಡೀಲಾರದ್ದು ಒಂದೇ ಉಳಿದದ: ಸಮಾಧಿ ಜಾಗ. ಊರಿಗೆ ಒಂದೇ ಇರೋದು. ಈ ವರ್ಷ ಎರಡೂ ಕಡೆಯವರಿಗೆ ಬೇಕಾದ ಒಬ್ಬ ಅಜ್ಜಿ ತೀರಿಕೊಂಡಳು. ಎರಡೂ ಕಡೆಯವರು ಬಂದರು, ಎರಡು ಗುಂಪಾಗಿ ನಿಂತರು. ಮಣ್ಣು ಹಾಕೋವಾಗ ಮಾತ್ರ ಒಂದೇ ಸಾಲು ಆತು, ಯಾಕಂದ್ರ ಅಲ್ಲಿ ಎರಡು ಸಾಲಿಗೆ ಜಾಗ ಇರಲಿಲ್ಲ. ನಾನು ಆ ಸಾಲಿನಾಗಿದ್ದೆ. ಯಾರೂ ಯಾರ ಜೊತೆನೂ ಮಾತಾಡಲಿಲ್ಲ.

ಈ ಸರಣಿ ಬರಿಯಾಕ ಕಾರಣ ಅದೇ. ಲೆಕ್ಕದ ಒಂದು ಪುಟ ಓದಿದ್ದರ ಮುಗಿದು ಹೋಗೋ ಮಾತು ಅದು.

ಭಾಗ 10/11

ನಾನು ಬಿ.ಕಾಂ. ಹುಡುಗ. ನಮಗ ಪಾರ್ಟ್‌ನರ್‌ಶಿಪ್ ಅಕೌಂಟ್ಸ್ ಕಲಿಸ್ತಾರ. ದೇವರ ಕೆಲಸಕ್ಕ ವ್ಯಾಪಾರದ ಕಾನೂನು ಯಾಕ ಅಂತೀರಿ? ವ್ಯಾಪಾರದವರಿಗೆ ಇದ್ದಷ್ಟು ಪ್ರಾಮಾಣಿಕತೆನಾದ್ರೂ ನಮಗಿರಲಿ ಅಂತ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 9ನೇ ಕಲಂ ಪ್ರಕಾರ ಪಾಲುದಾರರು ಒಬ್ಬರಿಗೊಬ್ಬರು ನ್ಯಾಯವಾಗಿ, ನಂಬಿಗಸ್ತರಾಗಿ ಇರಬೇಕು. ನಿಜವಾದ ಲೆಕ್ಕ ಮತ್ತು ಪೂರ್ತಿ ಮಾಹಿತಿ ಕೊಡಬೇಕು. ಲೆಕ್ಕ ಕೇಳೋದು ಅಲ್ಲಿ ದ್ರೋಹ ಅಲ್ಲ, ಲೆಕ್ಕ ಕೊಡದಿರೋದು ದ್ರೋಹ.

ಇನ್ನೊಂದು. ಒಬ್ಬ ಪಾಲುದಾರ ಹೊರಗ ಹೋಗೋವಾಗ ಮೊದಲು ರೀವ್ಯಾಲ್ಯುಯೇಶನ್ ಅಕೌಂಟ್ ತಯಾರು ಮಾಡ್ತೀವಿ. ಆಸ್ತಿಗಳ ಇವತ್ತಿನ ನಿಜವಾದ ಬೆಲೆ ಎಷ್ಟು, ಪುಸ್ತಕದಾಗ ಬರೀದೇ ಬಿಟ್ಟ ಸಾಲ ಎಷ್ಟು, ಎಲ್ಲಾ ಬಯಲಿಗೆ ಬರಬೇಕು. ಲಾಭ ನಷ್ಟ ಹೋಗೋವನಿಗೂ ಇರೋವನಿಗೂ ಹಳೇ ಪ್ರಮಾಣದಾಗೇ ಹಂಚಿಕೆ. ಅಂದ್ರ ಇಲ್ಲಿವರೆಗಿನ ನಷ್ಟ ಇಬ್ಬರದ್ದೂ ಹೌದು. ಆಮ್ಯಾಲ ಗುಡ್‌ವಿಲ್. ಹೋಗೋವನು ಇಷ್ಟು ವರ್ಷ ಕಟ್ಟಿದ ಹೆಸರಿಗೂ ಒಂದು ಬೆಲೆ ಐತಿ, ಅದನ್ನ ಉಳಿದವರು ಕೊಡಬೇಕು.

ನಮ್ಮ ಸಭೆ, ಸಂಘ, ಸೊಸೈಟಿ, ಪಕ್ಷಗಳು ಒಡೆಯೋವಾಗ ಈ ಎರಡನ್ನೂ ಬಿಡ್ತೀವಿ. ನಷ್ಟ ಪೂರಾ ಎದುರಿನವರದ್ದು. ಹೋದವರು ಮೊದಲಿನಿಂದಲೂ ಕೆಟ್ಟವರೇ, ಇಪ್ಪತ್ತು ವರ್ಷ ಗುಡಿಯ ಕಸ ಹೊಡೆದದ್ದು, ಗೋಡೆಗೆ ಸುಣ್ಣ ಹಚ್ಚಿದ್ದು ಎಲ್ಲಾ ಸೊನ್ನೆ. ಯಾವ ಆಡಿಟರ್ ಈ ಲೆಕ್ಕಕ್ಕ ಸಹಿ ಹಾಕ್ಯಾನು?

ಭಾಗ 11/11

ಕೊನೆಗೆ ಎರಡು ಆಕ್ಷೇಪ ಬರ್ತಾವ, ನಾನೇ ಹೇಳಿಬಿಡ್ತೀನಿ.

ಒಂದು: "ಯೇಸುನೇ ಲೂಕ 12ರಾಗ ತಾನು ಸಮಾಧಾನ ತರಾಕ ಬರಲಿಲ್ಲ, ಭೇದ ತರಾಕ ಬಂದೀನಿ ಅಂದಾನಲ್ಲ?" ಹೌದು, ಆ ಅರ್ಥದ ಮಾತು ಐತಿ. ಸತ್ಯ ಹೇಳಿದಾಗ ಮನ್ಯಾಗೂ ಭೇದ ಬರಬಹುದು. ಆದ್ರ ಸತ್ಯದ ಸಲುವಾಗಿ ಬಂದ ಭೇದದಾಗ ಬೆಲೆ ತೆತ್ತವನು ಯಾರು ನೋಡ್ರಿ. ಶಿಲುಬೆಗೆ ಹೋದವನು ಯೇಸು ತಾನೇ, ಬ್ಯಾರೆಯವರನ್ನ ಏರಿಸಲಿಲ್ಲ. ನಿಮ್ಮ ಒಡಕಿನಾಗ ಬೆಲೆ ಕೊಡಾಕತ್ತಿರೋದು ನೀವೋ ಅಥವಾ ಮಕ್ಕಳು, ಮುದುಕರೋ ಅಂತ ಪರೀಕ್ಷೆ ಮಾಡ್ಕೊಳ್ರಿ.

ಎರಡು: "ಎಷ್ಟು ಹೇಳಿದ್ರೂ ಕೇಳಂಗಿಲ್ಲ, ಬಿಟ್ಟು ಹೋಗೋದೇ ದಾರಿ." ಆಗಲಿ, ಕೆಲವು ಸಲ ಅದೇ ದಾರಿ. ಪೌಲ ಮತ್ತು ಬಾರ್ನಬನೂ ಮಾರ್ಕನೆಂಬ ಹುಡುಗನ ಸಲುವಾಗಿ ಜಗಳಾಡಿ ಬ್ಯಾರೆ ದಾರಿ ಹಿಡಿದರು. ಆದ್ರ ವರ್ಷಗಳ ಮ್ಯಾಲ ಅದೇ ಪೌಲ, ಮಾರ್ಕನನ್ನ ಕರಕೊಂಡು ಬಾ, ಅವನು ನನಗ ಉಪಯೋಗ ಅಂತ ತಿಮೊಥೆಯನಿಗೆ ಬರೀತಾನ. ಬಾಗಿಲು ಹಾಕಿದ್ದ, ಕೀಲಿ ಒಗೆದಿರಲಿಲ್ಲ.

ಕಮಿಟಿಯಾಗ ಇರೋ ಅಣ್ಣಾರ, ಅಕ್ಕಾರ, ಕಾಕಾರ, ನಿಮಗೊಂದು ವಿನಂತಿ. ಪ್ರಶ್ನೆ ಬಂದ ದಿನ ವಚನ ಹುಡುಕಬ್ಯಾಡ್ರಿ, ರಸೀದಿ ಪುಸ್ತಕ ಹುಡುಕ್ರಿ. ಮೂರು ದಿನ ಟೈಮ್ ತಗೊಳ್ರಿ, ಆದ್ರ ಸುತ್ತ ಇರೋ ಗೆಳೆಯರನ್ನಷ್ಟೇ ಕೇಳಬ್ಯಾಡ್ರಿ. ದೂರು ಕೊಟ್ಟವರ ಕಡೆಯಿಂದ ಒಬ್ಬರನ್ನ ಲೆಕ್ಕದ ಹತ್ತಿರ ಕೂಡಿಸ್ರಿ.

ಪ್ರಶ್ನೆ ಕೇಳೋ ನನ್ನ ವಾರಿಗೆಯವರೇ, ನಿಮಗೂ ಒಂದು. ಉತ್ತರ ಬಂದ ಮ್ಯಾಲೂ ಜಗಳ ಬೇಕು ಅನಸ್ತಿದ್ದರ, ನಿಮಗ ಬೇಕಾದದ್ದು ನ್ಯಾಯ ಅಲ್ಲ, ಕುರ್ಚಿ. ಮತ್ತ ಬಿಟ್ಟು ಹೋದ್ರ, ಮೊದಲ ತಿಂಗಳೇ ನಿಮ್ಮ ಲೆಕ್ಕ ಗೋಡೆಗೆ ಹಚ್ಚರಿ.

ಮುಂದಿನ ಸಲ ನಿಮ್ಮ ಮೀಟಿಂಗಿನಾಗ ಯಾರಾದ್ರೂ ಒಡೆದ ಮನಿಯ ವಚನ ತೆಗೆದ್ರ, ಜಗಳ ಮಾಡಬ್ಯಾಡ್ರಿ. ಮೆತ್ತಗ ಹೇಳ್ರಿ: "ಹಿರಿಯರೇ, 22ನೇ ವಚನದಿಂದ ಓದ್ರಿ."

ನಿಮ್ಮ ಊರಾಗ ಹಿಂಗ ಒಡೆದು ಮತ್ತ ಕೂಡಿದ್ದು ಇದ್ದರ ಕಾಮೆಂಟಿನಾಗ ಬರೀರಿ. ಮಂದಿ ಹೆಸರು ಬ್ಯಾಡ, ಹೆಂಗ ಕೂಡಿತು ಅನ್ನೋದು ಬರೀರಿ. ಅದು ಬಾಕಿಯವರಿಗೆ ಬೇಕಾಗೈತಿ.

#ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ಮಾರ್ಕ3 #ಲೆಕ್ಕತೋರಿಸ್ರಿ